ಸಂಬಳವೇ ಮೊದಲ ಸಾಲ

2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ಫುಟ್ಬಾಲ್ ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದುದನ್ನು ಓದುಗರು ಮರೆತಿರಲಾರರು. ಉಕ್ಕಿನ ಉದ್ಯಮಿಗಳಾದ ಜೆ.ಎಸ್.ಡಬ್ಲ್ಯು. ಬಳಗ 2013ರಲ್ಲಿ ಕಟ್ಟಿದ ಕ್ಲಬ್ಬು ಇದು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ತಂಡವಾಯಿತು. ಜಯನಗರ, ಬನಶಂಕರಿಯ ಹುಡುಗರೂ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಕೂಗಿ ಬಂದರು.

ಹಾಗಿದ್ದೂ ಸಂಬಳ ನಿಂತದ್ದೇಕೆ? ಫುಟ್ಬಾಲ್ ಫೆಡರೇಷನ್ 2010ರಲ್ಲಿ ಆಟದ ವ್ಯಾಪಾರದ ಹಕ್ಕನ್ನು 15 ವರ್ಷಕ್ಕೆ ರಿಲಯನ್ಸ್ ಬಳಗದ ಕೈಗೆ ಕೊಟ್ಟಿತ್ತು. ಆ ಕರಾರು 2025ರ ಡಿಸೆಂಬರಿಗೆ ಮುಗಿಯುವುದಿತ್ತು. ನವೀಕರಣ ಇತ್ಯರ್ಥವಾಗದೆ ಲೀಗೇ ನಿಂತಿತು. 2026ರ ಫೆಬ್ರವರಿಯಲ್ಲಿ ಆಟವೇನೋ ಆರಂಭವಾಯಿತು. ಪಾಠ ಮಾತ್ರ ಉಳಿದಿದೆ. ದೊಡ್ಡವರ ಕರಾರು ಕೆಟ್ಟರೆ ಚಿಕ್ಕವರ ಒಲೆ ಆರುತ್ತದೆ.

ಹೆಸರಾಂತ ಆಟಗಾರನಿಗೆ ಬೇರೆ ದಾರಿ ಸಿಕ್ಕೀತು. ಅಂಗಿ ಒಗೆಯುವವನಿಗೆ, ಸಾಮಾನು ಹೊರುವವನಿಗೆ ಯಾವ ದಾರಿ? ಗಿರಣಿ ಬಾಗಿಲು ಹಾಕಿದ್ದನ್ನು ಕಂಡ ಕಾರ್ಮಿಕ ಬಂಧುಗಳಿಗೆ ಇದನ್ನು ವಿವರಿಸಬೇಕಿಲ್ಲ. ಸಂಬಳ ನಿಂತ ಮನೆಯ ಉದ್ರಿ ಬೆಳೆಯುವುದು ಚಿಕ್ಕ ಅಂಗಡಿಯ ಪುಸ್ತಕದಲ್ಲೇ.

ಫುಟ್ಬಾಲಿನಲ್ಲಿ ನಷ್ಟವಿದೆ ಎಂಬುದು ನಿಜವೇ. ಆದರೆ ಕ್ಲಬ್ಬು ಒಬ್ಬ ಒಡೆಯನದಾದರೆ ಅದರ ಆಯುಷ್ಯವೂ ಅವನ ಕೈಯಲ್ಲೇ. ಜರ್ಮನಿಯ ಲೀಗಿನಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರದೇ ಇರಬೇಕೆಂಬ ನಿಯಮವಿದೆ. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿಗೆ ಇದು ಹೊಸತೇ?

ನಮ್ಮ ಒತ್ತಾಯ ಎರಡು. ಲೀಗಿಗೆ ಸೇರುವ ಕ್ಲಬ್ಬು ವರ್ಷದ ಸಂಬಳವನ್ನು ಮೊದಲೇ ಬ್ಯಾಂಕಿನಲ್ಲಿ ಠೇವಣಿ ಇಡಲಿ. ಅಭಿಮಾನಿಗಳಿಗೆ ಷೇರೂ ಮತವೂ ದೊರೆಯಲಿ. ಸಂಬಳ ಒಡೆಯನ ದಯೆಯಲ್ಲ, ದುಡಿದವನ ಹಕ್ಕು.