‘ಕೊನೆಯಲ್ಲಿ’ ಎಂದರೆ ಯಾವಾಗ?

ಆಟದ ನಿಯಮವೊಂದಕ್ಕೆ ಎರಡು ಅರ್ಥ ಬಂದರೆ ಬಿಡಿಸಿ ಹೇಳಬೇಕಾದವರು ಯಾರು? ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಒಂದೊಂದು ವೀರನ ಪಾತ್ರ ವಹಿಸುತ್ತಾರೆ. ಆ ಒಬ್ಬರು, ಅಂದರೆ ಡಂಜನ್ ಮಾಸ್ಟರ್, ಕತೆ ನಡೆಸುತ್ತಾರೆ, ರಾಕ್ಷಸರನ್ನು ಆಡಿಸುತ್ತಾರೆ, ನಿಯಮದ ಅರ್ಥವನ್ನೂ ಹೇಳುತ್ತಾರೆ. ವಾದಿಯೂ ಅವರೇ, ನ್ಯಾಯಾಧೀಶರೂ ಅವರೇ.

2014ರ ಐದನೇ ಆವೃತ್ತಿಯಿಂದ ಒಂದು ಉದಾಹರಣೆ ನೋಡಿ. ಲಿಚ್ ಎಂದರೆ ಸತ್ತರೂ ಮಂತ್ರಬಲದಿಂದ ಉಳಿದುಕೊಂಡ ಮಾಂತ್ರಿಕ. ಅದು ಮುಟ್ಟಿದರೆ ವೀರ ಮರಗಟ್ಟಿ ನಿಲ್ಲಬಹುದು. ತನ್ನ ಪ್ರತಿ ಸರದಿಯ ಕೊನೆಯಲ್ಲಿ ದಾಳ ಉರುಳಿಸಿ ಬಿಡಿಸಿಕೊಳ್ಳಲು ಅವನಿಗೆ ಅವಕಾಶವಿದೆ. ಇತ್ತ ಲಿಚ್‌ಗೂ ಬೇರೆಯವರ ಸರದಿಯ ಕೊನೆಯಲ್ಲಿ ಇನ್ನೊಮ್ಮೆ ಮುಟ್ಟುವ ಶಕ್ತಿಯಿದೆ. ಎರಡೂ ಕಡೆ ಇರುವುದು ಒಂದೇ ಮಾತು: ‘ಕೊನೆಯಲ್ಲಿ’. ಹಾಗಾದರೆ ಯಾವುದು ಮೊದಲು? ಲಿಚ್ ಮೊದಲಾದರೆ, ಮರಗಟ್ಟಿದವನಿಗೆ ಏಟು ತಪ್ಪುವುದು ಕಷ್ಟ. ಬಿದ್ದ ಏಟು ಮೂರು ದಾಳದ ಬದಲು ಆರು ದಾಳದ್ದಾಗುತ್ತದೆ. ವೀರ ಮೊದಲಾದರೆ ಅವನು ಅಷ್ಟರಲ್ಲಿ ಬಿಡಿಸಿಕೊಂಡಿರಬಹುದು. ಆಟಗಾರ್ತಿಯೊಬ್ಬಳು ವರ್ಷವಿಡೀ ಬೆಳೆಸಿದ ಪಾತ್ರದ ಅಳಿವು ಉಳಿವು ಒಂದು ಸಪ್ತಮಿ ವಿಭಕ್ತಿಗೆ ಜೋತುಬಿದ್ದಿದೆ.

‘ಮಾಸ್ಟರ್ ಹೇಳಿದ್ದೇ ಕೊನೆ, ಇಲ್ಲಿ ವಕೀಲಿಕೆ ಬೇಡ’ ಎನ್ನುವವರಿದ್ದಾರೆ. ಗುಹೆಯ ಬಾಗಿಲಾಚೆ ಏನಿದೆ ಎನ್ನುವಲ್ಲಿ ಆ ಮಾತು ಸರಿ. ಆದರೆ ಯಾರ ಏಟು ಮೊದಲು ಎನ್ನುವಲ್ಲಿ ಮಾಸ್ಟರ್ ಒಂದು ಪಕ್ಷದವರು. ಅಲ್ಲಿ ಅವರ ಇಷ್ಟಕ್ಕಿಂತ ಬರೆದ ಪದ ದೊಡ್ಡದು.

ಪದವನ್ನು ಓದುವುದು ಹೇಗೆ? ಕನ್ನಡಕ್ಕೆ ತಂದು ನೋಡಿ ಎನ್ನುತ್ತೇನೆ. ಇಂಗ್ಲಿಷ್ ‘ವೆನ್’ ಒಂದೇ ಪದದಲ್ಲಿ ನುಣುಚಿಕೊಳ್ಳುತ್ತದೆ. ಕನ್ನಡ ಬಿಡುವುದಿಲ್ಲ: ಹೊಡೆಯುವಾಗಲೋ, ಹೊಡೆದಾಗಲೋ, ಹೊಡೆದ ಮೇಲೋ? ಆಯ್ಕೆ ಮಾಡಲೇಬೇಕು; ನಿಯಮ ಎಲ್ಲಿ ಮೌನವಾಗಿದೆ ಎಂಬುದು ಆಗ ಕಾಣುತ್ತದೆ. ಇದು ಸರ್ವರೋಗಕ್ಕೂ ಮದ್ದಲ್ಲ. ‘ಕೊನೆಯಲ್ಲಿ’ ಎಂಬುದು ಕನ್ನಡದಲ್ಲೂ ಅಷ್ಟೇ ಮಸುಕು. ಸರದಿಯ ಒಳಗಿನ ಕಡೇ ಗಳಿಗೆಯೋ, ಸರದಿ ಮುಗಿದ ಅಂಚೋ?

ಆಗ ಸಾಮಾನ್ಯ ನಿಯಮ ಹುಡುಕಬೇಕು. 2017ರ ‘ಜನಾಥರ್ಸ್ ಗೈಡ್ ಟು ಎವ್ರಿಥಿಂಗ್’ ಪುಸ್ತಕದಲ್ಲಿ ಅದು ಸಿಗುತ್ತದೆ: ಎರಡು ಸಂಗತಿ ಒಟ್ಟಿಗೆ ನಡೆದರೆ, ಯಾರ ಸರದಿಯೋ ಆ ಪಾತ್ರವನ್ನು ಆಡಿಸುವವರು ಕ್ರಮ ನಿರ್ಧರಿಸುತ್ತಾರೆ. ಅಂದರೆ ನಮ್ಮ ಆಟಗಾರ್ತಿ ಮೊದಲು ಬಿಡಿಸಿಕೊಳ್ಳಲು ನೋಡಬಹುದು. 2025ರ ‘ಮಾನ್ಸ್ಟರ್ ಮ್ಯಾನುಯಲ್’ ತಂಟೆಯ ಬೇರನ್ನೇ ಕಿತ್ತಿತು: ಇಂಥ ಶಕ್ತಿ ಈಗ ಬೇರೆಯವರ ಸರದಿಯ ‘ಕೊನೆಯಲ್ಲಿ’ ಅಲ್ಲ, ಸರದಿ ‘ಮುಗಿದ ತಕ್ಷಣ’. ಬದಲಾದದ್ದು ಒಂದೆರಡು ಪದ ಮಾತ್ರ.

ಎಲ್ಲ ನಿಯಮಕ್ಕೂ ಇಂಥ ತಿದ್ದುಪಡಿ ಬರುವುದಿಲ್ಲ. ಪದ ನೋಡಿ, ಸಾಮಾನ್ಯ ನಿಯಮ ನೋಡಿ, ಆಮೇಲೂ ಅನುಮಾನ ಉಳಿದರೆ ತೀರ್ಪು ರಾಕ್ಷಸನ ವಿರುದ್ಧ ಹೋಗಲಿ. ಒಪ್ಪಂದದ ಮಾತು ಅಸ್ಪಷ್ಟವಾಗಿದ್ದರೆ ಅದನ್ನು ಬರೆದವರ ವಿರುದ್ಧ ಓದುವುದು ಕಾನೂನಿನಲ್ಲೂ ಹಳೆಯ ರೂಢಿ. ಇಲ್ಲಿ ಇನ್ನೂ ಸರಳವಾದ ಕಾರಣವಿದೆ: ಮಾಸ್ಟರ್ ಬಳಿ ರಾಕ್ಷಸರಿಗೆ ಬರವಿಲ್ಲ, ಆಟಗಾರ್ತಿಯ ಬಳಿ ಇರುವುದು ಒಂದೇ ಪಾತ್ರ. ಆದರೆ ಆ ತೀರ್ಪು ದಾಳ ಬೀಳುವ ಮೊದಲೇ ಬರಬೇಕು, ಒಂದು ಹಾಳೆಯಲ್ಲಿ ಬರೆದಿಡಬೇಕು. ಮುಂದೊಂದು ದಿನ ಅದೇ ಅರ್ಥ ಆಟಗಾರರಿಗೆ ಮುಳುವಾದರೂ ಅದನ್ನು ಬದಲಿಸಬಾರದು. ಸೋತ ಪಾತ್ರವನ್ನು ಜನ ಮರೆಯುತ್ತಾರೆ. ನಡುವೆ ಬದಲಾದ ನಿಯಮವನ್ನು ಮರೆಯುವುದಿಲ್ಲ.