ಕರೆಂಟಿನ ಕೈಗವಸು ಕೊಳ್ಳುವ ಮುನ್ನ

ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದು ಒಂದು ಕೈ ಸ್ವಾಧೀನ ತಪ್ಪಿದರೆ, ಬಂಧುಗಳಲ್ಲಿ ಒಬ್ಬರಾದರೂ ನಿಮ್ಮ ಫೋನಿಗೆ ವಿಡಿಯೊ ಕಳಿಸುತ್ತಾರೆ. ಅದರಲ್ಲಿ ಕರೆಂಟಿನ ಕೈಗವಸು ತೊಟ್ಟ ಬೆರಳುಗಳು ಮಡಚಿ ಬಿಚ್ಚುತ್ತಿರುತ್ತವೆ. ಹಿಂದೆ ಪಾರಿವಾಳದ ರಕ್ತ ಹಚ್ಚಿಸಲು ಓಡುತ್ತಿದ್ದ ಆತುರವೇ ಈಗ ಆರ್ಡರ್ ಬಟನ್ ಒತ್ತಿಸುತ್ತದೆ. ದಯವಿಟ್ಟು ತುಸು ತಾಳಿ.

ಅಗ್ಗಕ್ಕೆ ಸಿಗುವ ಗವಸುಗಳಲ್ಲಿ ಹೆಚ್ಚಿನವು ಗಾಳಿ ತುಂಬಿ ಬೆರಳನ್ನು ಆಡಿಸುವಂಥವು. ರೋಗಿ ಟಿವಿ ನೋಡುತ್ತ ಕೂತಿದ್ದರೂ ಅವುಗಳ ಕೆಲಸ ನಡೆಯುತ್ತಿರುತ್ತದೆ. ಕೀಲು ಬಿಗಿಯದಿರಲು ಅಷ್ಟಿಷ್ಟು ನೆರವಾದೀತು. ಆದರೆ ಲಕ್ವದಲ್ಲಿ ಪೆಟ್ಟು ಬಿದ್ದಿರುವುದು ಮಿದುಳಿಗೆ. ರೋಗಿ ತಾನೇ ಹಿಡಿಯಲು ಹೆಣಗದೆ ಮಿದುಳು ಹೊಸದಾಗಿ ಕಲಿಯುವುದು ಕಷ್ಟ. ಅಮೆರಿಕದ ಎಂಐಟಿಯಲ್ಲಿ ಮೊಳೆತ ಮೈಯೋಪ್ರೊ ತೋಳುಪಟ್ಟಿ ಈ ಹೆಣಗಾಟವನ್ನೇ ಕಾಯುತ್ತದೆ. ಚರ್ಮದ ಮೇಲಿನ ಸೆನ್ಸರ್ ಸ್ನಾಯುವಿನ ಕ್ಷೀಣ ವಿದ್ಯುತ್ ಸಂಕೇತ ಹಿಡಿದ ಮೇಲೆ ಮೋಟಾರು ತೋಳಿಗೆ ಬಲ ಕೊಡುತ್ತದೆ. ಸಂಕೇತವೇ ಹುಟ್ಟದ ತೋಳಿಗೆ ಅದು ಬರೀ ಭಾರ.

ಬ್ರಿಟನ್ನಿನಲ್ಲಿ 770 ಲಕ್ವ ರೋಗಿಗಳ ಮೇಲೆ ನಡೆದ ರಾಟುಲ್ಸ್ ಅಧ್ಯಯನ 2019ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬಂತು. ಅಲ್ಲಿ ಬಳಸಿದ್ದು ತೊಡುವ ಸಾಧನವಲ್ಲ, ಮೇಜಿನ ಮೇಲಿನ ರೋಬೊ. ಆದರೂ ನಮಗೆ ಪಾಠವಿದೆ. 12 ವಾರಗಳ ತರಬೇತಿಯಿಂದ ತೋಳಿನ ಚಲನೆ ತುಸು ಸುಧಾರಿಸಿತು. ವಸ್ತು ಹಿಡಿದೆತ್ತುವ ಕೆಲಸದಲ್ಲಿ ಮಾತ್ರ ರೋಬೊ ತರಬೇತಿ ಪಡೆದವರು ಮಾಮೂಲಿ ಚಿಕಿತ್ಸೆ ಪಡೆದವರನ್ನು ಮೀರಿಸಲಿಲ್ಲ.

ಹಾಗಾಗಿ ದುಡ್ಡು ಕೊಡುವ ಮುನ್ನ ಫಿಸಿಯೊಥೆರಪಿಸ್ಟ್ ಎದುರಿನಲ್ಲೇ ತೊಡಿಸಿ ನೋಡಿ. ರೋಗಿ ಸುಮ್ಮನಿದ್ದಾಗ ಯಂತ್ರವೂ ಸುಮ್ಮನಿರುತ್ತದೆಯೇ, ಗಮನಿಸಿ. ಸೆಟೆದ ಮುಷ್ಟಿಯನ್ನು ಬಲವಂತವಾಗಿ ಬಿಡಿಸಬೇಡಿ. ಸ್ಪರ್ಶ ತಿಳಿಯದ ಕೈಗೆ ಗಾಯವಾದರೂ ಗೊತ್ತಾಗದು, ಕಳಚಿದ ಮೇಲೆ ಚರ್ಮ ಕೆಂಪಾಗಿದೆಯೇ ನೋಡಿ. ಆಮೇಲೆ ಅದೇ ಕೈಯಲ್ಲಿ ಲೋಟ ಹಿಡಿಸಿ, ರೊಟ್ಟಿ ಮುರಿಸಿ, ಬಟ್ಟೆ ಮಡಚಿಸಿ. ಚೆಲ್ಲಿದರೆ ಚೆಲ್ಲಲಿ. “ನೀವು ಬಿಡಿ, ನಾನೇ ತಿನ್ನಿಸ್ತೀನಿ” ಎನ್ನುವ ಪ್ರೀತಿಯೇ ಎಷ್ಟೋ ಕೈಗಳನ್ನು ಮೂಲೆಗೆ ಹಾಕಿದೆ.

ಇನ್ನು ಊರಿನ ಸಂಘ-ಸಂಸ್ಥೆಗಳವರಲ್ಲಿ ಒಂದು ಬಿನ್ನಹ. ಒಳ್ಳೆಯ ಸಾಧನ ಒಂದೊಂದು ಮನೆಗೂ ಎಟುಕುವಂಥದ್ದಲ್ಲ, ಹಂಚಿಕೊಂಡರೆ ಹಲವರಿಗೆ ಆದೀತು. ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸಿನವರು ಕೈಯ ತರಬೇತಿಗೆಂದೇ ‘ಪ್ಲೂಟೊ’ ಎಂಬ ರೋಬೊ ರೂಪಿಸಿದ್ದಾರೆ, ಅಂದರೆ ನಮ್ಮಲ್ಲೂ ಕೆಲಸ ನಡೆದಿದೆ. ಶಿಬಿರ ಮಾಡಿ ಗವಸು ಹಂಚಿ ಫೋಟೊ ತೆಗೆಸಿಕೊಳ್ಳುವ ಬದಲು, ಜಿಲ್ಲಾಸ್ಪತ್ರೆಯ ಫಿಸಿಯೊಥೆರಪಿ ವಿಭಾಗದವರನ್ನು ಕೇಳಿ ಅವರಿಗೆ ಬೇಕಾದ ಒಂದು ಸಾಧನ ಕೊಡಿಸಿ. ಅದನ್ನು ನಡೆಸಬಲ್ಲ ಒಬ್ಬರ ಸಂಬಳವನ್ನೂ ಸೇರಿಸಿಯೇ ಕೊಡಿಸಿ.