ಅರಗಿನ ಮನೆಯ ಬಾಗಿಲು

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ರಾಸಾಯನಿಕ ಪದಾರ್ಥಗಳನ್ನು ತಯಾರಿಸುವ ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಅವನಿಗೆ ಕೆಲಸ. “ಮೇಷ್ಟ್ರೇ, ಎರಡು ಬೋರ್ಡುಗಳಿಗೆ ಒಳ್ಳೆಯ ಕನ್ನಡ ಬೇಕು” ಎಂದು ಚೀಟಿಯೊಂದನ್ನು ಮುಂದಿಟ್ಟ. ಅಪಾಯದ ವೇಳೆ ಹೊರಹೋಗುವ ಬಾಗಿಲು ಇದು, ಸದಾ ತೆರೆಯುವಂತಿರಬೇಕು ಎಂಬುದು ಮೊದಲನೆಯದು. ಈ ಬಾಗಿಲಿಗೆ ಸದಾ ಬೀಗವಿರಬೇಕು, ಅಪ್ಪಣೆಯಿಲ್ಲದೆ ಯಾರೂ ದಾಟಕೂಡದು ಎಂಬುದು ಎರಡನೆಯದು. “ಈ ಬಾಗಿಲುಗಳು ಎಲ್ಲೆಲ್ಲಿವೆಯಪ್ಪ?” ಎಂದು ಕೇಳಿದೆ. ಅವನು ನಗಲಿಲ್ಲ. “ಬಾಗಿಲು ಒಂದೇ ಮೇಷ್ಟ್ರೇ. ಮೊದಲನೆಯ ಬೋರ್ಡು ನಮ್ಮದು. ಎರಡನೆಯದು ಕಾವಲು ವಿಭಾಗದ್ದು. ಸದ್ಯಕ್ಕೆ ಬೀಗ ಬಿದ್ದಿದೆ” ಎಂದ.

ಅಂದಿನಿಂದ ಆ ಬಾಗಿಲು ನನ್ನ ಮನಸ್ಸಿನಿಂದ ಕದಲಿಲ್ಲ. ಇಂಗ್ಲಿಷಿನ ‘ಸೇಫ್ಟಿ’ಗೆ ನಾವು ಸುರಕ್ಷತೆ ಎನ್ನುತ್ತೇವೆ, ‘ಸೆಕ್ಯೂರಿಟಿ’ಗೆ ಭದ್ರತೆ ಎನ್ನುತ್ತೇವೆ. ಬೆಂಕಿಯಿಂದ, ವಿಷದಿಂದ, ಯಂತ್ರದಿಂದ ಮನುಷ್ಯನನ್ನು ಉಳಿಸುವುದು ಮೊದಲನೆಯದು. ಕೇಡು ಬಗೆಯುವ ಮನುಷ್ಯನಿಂದ ಕಾರ್ಖಾನೆಯನ್ನು ಉಳಿಸುವುದು ಎರಡನೆಯದು. ಒಂದರ ಎದುರಾಳಿ ಆಕಸ್ಮಿಕ, ಇನ್ನೊಂದರ ಎದುರಾಳಿ ಸಂಕಲ್ಪ. ಎರಡಕ್ಕೂ ಬೇರೆ ಬೇರೆ ವಿದ್ಯೆ ಬೇಕೆಂಬುದನ್ನು ಒಪ್ಪೋಣ. ಆದರೆ ನಮ್ಮ ಹಳ್ಳಿಯ ಕನ್ನಡದಲ್ಲಿ ಎರಡಕ್ಕೂ ಇರುವುದು ಒಂದೇ ಕ್ರಿಯಾಪದ: ಕಾಯುವುದು. ಹೊಲ ಕಾಯುವವನು ಕಳ್ಳ ಬಂದರೂ ಎದ್ದು ಕೂಗುತ್ತಾನೆ, ಹಂದಿ ಬಂದರೂ ಎದ್ದು ಕೂಗುತ್ತಾನೆ. ಹಂದಿ ತನ್ನ ಇಲಾಖೆಗೆ ಸೇರಿದ್ದಲ್ಲವೆಂದು ಮಗ್ಗುಲು ಬದಲಿಸುವುದಿಲ್ಲ.

ಇದು ಕೇವಲ ಮಾತಿನ ಜಿಜ್ಞಾಸೆಯಲ್ಲ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದಿತು. ಒಂಬತ್ತನೆಯ ಅಂತಸ್ತಿನಿಂದ ಇಳಿಯುವ ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗವಿತ್ತು. ಕೆಲಸದ ಹೆಣ್ಣುಮಕ್ಕಳು ಏನನ್ನೂ ಕದ್ದೊಯ್ಯದಂತೆ ಅವರ ಚೀಲಗಳನ್ನು ಶೋಧಿಸಿ ಕಳುಹಿಸುವುದು ಅಲ್ಲಿನ ಪದ್ಧತಿ. 146 ಮಂದಿ ಸತ್ತರು. ನೂರು ವರ್ಷಗಳ ಮೇಲೆ, 2012ರ ಸೆಪ್ಟೆಂಬರಿನಲ್ಲಿ, ಕರಾಚಿಯ ಬಟ್ಟೆಯ ಕಾರ್ಖಾನೆಯೊಂದರಲ್ಲಿ 250ಕ್ಕೂ ಹೆಚ್ಚು ಮಂದಿ ಹಾಗೆಯೇ ಮುಚ್ಚಿದ ಬಾಗಿಲು, ಕಿಟಕಿಯ ಸರಳುಗಳ ಹಿಂದೆ ಬೆಂದುಹೋದರು. ಅದು ಹಣ ಸುಲಿಯುವುದಕ್ಕಾಗಿ ಬೇಕೆಂದೇ ಇಟ್ಟ ಬೆಂಕಿಯೆಂದು 2020ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. ಕಳ್ಳನಿಗಾಗಿ ಹಾಕಿದ ಸರಳುಗಳು ಕಿಚ್ಚಿಟ್ಟವನನ್ನು ತಡೆಯಲಿಲ್ಲ. ದುಡಿಯುವವರನ್ನು ಮಾತ್ರ ತಡೆದುವು.

ಬಟ್ಟೆಯ ಕಾರ್ಖಾನೆಯ ಪಾಡೇ ಹೀಗಾದರೆ, ವಿಷವನ್ನು ತೊಟ್ಟಿಗಳಲ್ಲಿ ತುಂಬಿಟ್ಟುಕೊಂಡ ಕಾರ್ಖಾನೆಯ ಪಾಡೇನು? ಭೋಪಾಲವನ್ನು ನೆನೆಯದೆ ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಕೇಳುವಂತಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೆಯ ತೊಟ್ಟಿಗೆ ನೀರು ಹೊಕ್ಕಿತು. ಅದರಲ್ಲಿದ್ದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಕಾದು, ಕುದಿದು, ಮಲಗಿದ್ದ ಊರಿನ ಮೇಲೆ ಹರಡಿತು. ಸಾವಿರಾರು ಜನ ಸತ್ತರು. ಲಕ್ಷಾಂತರ ಜನ ನರಳಿದರು. ನೀರು ಹೇಗೆ ಹೊಕ್ಕಿತು? ಕೊಳವೆಗಳನ್ನು ತೊಳೆಯುವಾಗಿನ ಅಜಾಗ್ರತೆಯಿಂದ ಎಂದು ಹಲವರು. ಅಸಮಾಧಾನಗೊಂಡ ನೌಕರನೊಬ್ಬ ಬೇಕೆಂದೇ ಬಿಟ್ಟ ಎಂದು ಕಂಪನಿ. ಈ ವಾದ ದಶಕಗಳ ಕಾಲ ನಡೆಯಿತು.

ನಾನು ಈ ವಾದದಲ್ಲಿ ಪಕ್ಷ ಹಿಡಿಯಹೋಗುವುದಿಲ್ಲ. ನನ್ನ ಪ್ರಶ್ನೆ ಬೇರೆ. ತೊಟ್ಟಿಯನ್ನು ತಂಪಾಗಿಡಬೇಕಾದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ದುರಸ್ತಿಗೆಂದು ಬಿಚ್ಚಿತ್ತು. ಅನಿಲವನ್ನು ತೊಳೆದು ನಿರ್ವಿಷಗೊಳಿಸಬೇಕಾದ ಗೋಪುರ ಆ ಪ್ರವಾಹವನ್ನು ತಾಳಿಕೊಳ್ಳಲಿಲ್ಲ. ನೀರು ಬಿಟ್ಟದ್ದು ಮರೆವೋ ಹಗೆಯೋ, ಈ ಮೂರೂ ಸರಿಯಾಗಿದ್ದಿದ್ದರೆ ಊರು ಉಳಿಯುವ ಆಸೆಯಾದರೂ ಇರುತ್ತಿತ್ತು. ವಿದ್ರೋಹ ನಡೆಯಿತೆಂದು ವಾದಿಸುವುದರಿಂದ ಕಂಪನಿಯ ಹೊಣೆ ಕಡಿಮೆಯಾಗುವುದೆ? ಹೆಚ್ಚಾಗುತ್ತದೆ. ಒಬ್ಬನ ಸಿಟ್ಟಿಗೆ ಒಂದು ಊರನ್ನು ಕೊಲ್ಲುವ ಶಕ್ತಿಯನ್ನು ಕೊಟ್ಟವರು ಯಾರು?

ಇದನ್ನು ಯೋಚಿಸುವಾಗಲೆಲ್ಲ ನನಗೆ ಮಹಾಭಾರತದ ಅರಗಿನ ಮನೆ ನೆನಪಾಗುತ್ತದೆ. ವಾರಣಾವತದ ಆ ಮನೆಗಿಂತ ಅಪಾಯಕರವಾದ ಕಟ್ಟಡ ನಮ್ಮ ಕಾವ್ಯಗಳಲ್ಲಿ ಇನ್ನೊಂದಿಲ್ಲ. ಗೋಡೆಯೇ ಉರಿಯುವ ವಸ್ತು. ಬಾಗಿಲಲ್ಲಿ ಕಾವಲಿದ್ದ ಪುರೋಚನನೇ ಕಿಚ್ಚಿಡಬೇಕಾದವನು. ವಿದುರನ ಹಿರಿಮೆ ಎಲ್ಲಿದೆ? ಅವನು ಮನೆಯ ಗುಣವನ್ನೂ ಮನುಷ್ಯನ ಮನಸ್ಸನ್ನೂ ಒಂದೇ ಲೆಕ್ಕದಲ್ಲಿ ಹಿಡಿದ. ಸುರಂಗ ತೋಡುವವನನ್ನು ಕಳುಹಿಸಿದ. ಆದರೆ ಆ ಕಥೆಗೆ ನಾವು ಬೇಗನೆ ಮರೆಯುವ ಒಂದು ಕೊನೆಯುಂಟು. ಅಂದಿನ ರಾತ್ರಿ ಉಂಡು ಅಲ್ಲಿಯೇ ಮಲಗಿದ್ದ ಬೇಡಿತಿ ಮತ್ತು ಅವಳ ಐವರು ಮಕ್ಕಳು ಉರಿದುಹೋದರು. ಸುರಂಗದ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಭೋಪಾಲದ ಗೋಡೆಯಾಚೆಯ ಗುಡಿಸಲುಗಳಲ್ಲಿ ಮಲಗಿದ್ದವರಿಗೂ ಯಾರೂ ಹೇಳಿರಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಳ್ಳಿ ಎಂಬಷ್ಟು ಮಾತು ಮೊದಲೇ ತಲುಪಿದ್ದರೂ ಎಷ್ಟೋ ಜೀವ ಉಳಿಯುತ್ತಿತ್ತು. ಆಮೇಲೆ ನಮ್ಮ ಸರ್ಕಾರ 1989ರಲ್ಲಿ ಹೊರಡಿಸಿದ ನಿಯಮಗಳು, ಅಪಾಯಕ್ಕೆ ಈಡಾಗಬಹುದಾದ ನೆರೆಯವರಿಗೆ ಮಾಹಿತಿ ಕೊಡಬೇಕೆಂದು ವಿಧಿಸಿದುವು. ಇಲ್ಲಿ ಕಾವಲಿನವನ ಅಂಜಿಕೆಯೂ ಸುಳ್ಳಲ್ಲ. ಎಲ್ಲವನ್ನೂ ಸಾರಿದರೆ ಕೇಡಿಗನಿಗೂ ನಕ್ಷೆ ಸಿಕ್ಕಂತಾಯಿತು ಎನ್ನುತ್ತಾನೆ. ಆದರೆ ಕೀಲಿ ಎಲ್ಲಿದೆಯೆಂಬುದು ಬೇರೆ, ವಿಷ ಯಾವುದು, ಗಂಟೆ ಬಾರಿಸಿದರೆ ಎತ್ತ ಓಡಬೇಕು ಎಂಬುದು ಬೇರೆ. ಮೊದಲನೆಯದು ಗುಟ್ಟಾಗಿರಲಿ, ಎರಡನೆಯದನ್ನು ನೆರೆಯ ಮಗುವೂ ತಿಳಿದಿರಲಿ.

ಇತ್ತ ಸುರಕ್ಷತೆಯ ಪಂಡಿತರೂ ಕಾವಲನ್ನು ಕೀಳೆಂದು ಬಗೆಯಬಾರದು. 2017ರಲ್ಲಿ ಸೌದಿ ಅರೇಬಿಯದ ಪೆಟ್ರೋರಾಸಾಯನಿಕ ಸ್ಥಾವರವೊಂದಕ್ಕೆ ಗಣಕ ಜಾಲದ ಮೂಲಕ ಕೇಡಿಗರು ನುಗ್ಗಿದರು. ಅವರು ಕೈಯಿಟ್ಟದ್ದು ಬೊಕ್ಕಸಕ್ಕಲ್ಲ. ಅಪಾಯದ ಮಟ್ಟ ಮುಟ್ಟಿದೊಡನೆ ಯಂತ್ರಗಳನ್ನು ತಾನಾಗಿ ನಿಲ್ಲಿಸುವ ರಕ್ಷಣಾ ಉಪಕರಣಕ್ಕೆ. ಅವರದೇ ತಪ್ಪಿನಿಂದ ಸ್ಥಾವರ ನಿಂತು, ಸಂಚು ಬಯಲಾಯಿತು. ಆ ಉಪಕರಣದ ಮೇಲಿದ್ದ ಒಂದು ಸಣ್ಣ ಕೀಲಿಯನ್ನು ಆದೇಶಗಳನ್ನು ಬದಲಿಸಲು ಬರುವ ಸ್ಥಾನದಲ್ಲಿಯೇ ತಿರುಗಿಸಿ ಬಿಟ್ಟಿದ್ದರೆಂದು ಆಮೇಲೆ ವರದಿಯಾಯಿತು. ಸುರಕ್ಷತೆಯ ಯಂತ್ರಕ್ಕೇ ಕಾವಲು ಬೇಕೆಂಬುದು ಅಂದು ಜಗತ್ತಿಗೆ ತಿಳಿಯಿತು.

ಹಾಗಾದರೆ ಮಾಡಬೇಕಾದುದೇನು? ಎರಡು ವಿಭಾಗಗಳನ್ನು ಕಲಸಿ ಒಂದು ಮಾಡಬೇಕೆಂದು ನಾನು ಹೇಳುವುದಿಲ್ಲ. ಅವು ಒಂದು ಮೇಜಿನ ಮುಂದೆ ಕೂರಲಿ. ಪ್ರತಿಯೊಂದು ತೊಟ್ಟಿಯ ಮುಂದೆ ನಿಂತು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಲಿ: ಇದು ತಾನಾಗಿ ಕೆಟ್ಟರೆ ಏನಾದೀತು? ಇದನ್ನು ಯಾರಾದರೂ ಕೆಡಿಸಿದರೆ ಏನಾದೀತು? ಒಂದು ಬೀಗ ಹಾಕುವ ಮೊದಲು, ಒಂದು ತಂತಿ ಎಳೆಯುವ ಮೊದಲು, ಇಬ್ಬರ ರುಜುವೂ ಬೀಳಲಿ. ಇದಕ್ಕೆ ನಮ್ಮಲ್ಲಿ ಮಾದರಿಯೇ ಇಲ್ಲವೆಂದಲ್ಲ. ಕೇಂದ್ರ ಕೈಗಾರಿಕಾ ಭದ್ರತಾ ಪಡೆ 1969ರಲ್ಲಿ ಹುಟ್ಟಿದುದರ ಹಿಂದೆ ರಾಂಚಿಯ ಭಾರೀ ಎಂಜಿನಿಯರಿಂಗ್ ಕಾರ್ಖಾನೆಯ ಬೆಂಕಿಯೊಂದರ ವಿಚಾರಣೆಯಿದೆ; ಆ ಪಡೆಯಲ್ಲಿ ಬಂದೂಕು ಹಿಡಿದವರ ಜೊತೆಗೆ ಬೆಂಕಿ ಆರಿಸುವವರೂ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ಉಪಾಯ ಎಲ್ಲಕ್ಕಿಂತ ಸರಳವಾದದ್ದು. ಬ್ರಿಟನ್ನಿನ ಟ್ರೆವರ್ ಕ್ಲೆಟ್ಜ್ ಎಂಬ ರಾಸಾಯನಿಕ ಎಂಜಿನಿಯರು ಭೋಪಾಲಕ್ಕೂ ಮೊದಲೇ, 1970ರ ದಶಕದಲ್ಲಿಯೇ, ಇಲ್ಲದ ವಸ್ತು ಸೋರಲಾರದೆಂದು ಸಾರಿದ್ದರು. ಅದಕ್ಕೆ ನಾನು ಇಷ್ಟನ್ನೇ ಸೇರಿಸುತ್ತೇನೆ: ಇಲ್ಲದ ವಸ್ತುವನ್ನು ಯಾರೂ ಸೋರಿಸಲೂ ಆರರು. ತೊಟ್ಟಿಯಲ್ಲಿ ವಿಷ ಕಡಿಮೆಯಾದಷ್ಟೂ ಎರಡು ವಿಭಾಗಗಳ ಭಾರವೂ ಒಟ್ಟಿಗೇ ಇಳಿಯುತ್ತದೆ.

ನನ್ನ ವಿದ್ಯಾರ್ಥಿಗೆ ನಾನು ಎರಡು ಬೋರ್ಡುಗಳನ್ನು ಬರೆದುಕೊಡಲಿಲ್ಲ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ, ತೆರೆದೊಡನೆ ಕಾವಲಿನವರ ಕೋಣೆಯಲ್ಲಿ ಗಂಟೆ ಬಾರಿಸುವ ಬಾಗಿಲುಗಳು ಉಂಟೆಂದು ಅವನೇ ಹೇಳಿದ. “ಹಾಗಾದರೆ ಅಂಥದನ್ನು ಹಾಕಿಸಬಾರದೆ?” ಎಂದೆ. “ಖರ್ಚು ಯಾವ ವಿಭಾಗದ್ದು ಎಂಬುದು ತೀರ್ಮಾನವಾಗಿಲ್ಲ ಮೇಷ್ಟ್ರೇ” ಎಂದ. ಚೀಟಿಯ ಹಿಂಬದಿಯಲ್ಲಿ ಒಂದೇ ಸಾಲು ಬರೆದುಕೊಟ್ಟೆ: ‘ಈ ಬಾಗಿಲು ಒಳಗಿರುವವರಿಗೆ ಸದಾ ತೆರೆದಿದೆ.’ ಬೀಗ ಹೋಗುವ ತನಕ ಅದನ್ನು ತೂಗುಹಾಕಬೇಡವೆಂದೂ ಹೇಳಿ ಕಳುಹಿಸಿದ್ದೇನೆ. ಕನ್ನಡದಲ್ಲಿ ಸುಳ್ಳು ಬರೆದ ಪಾಪ ನನಗೆ ಬೇಡ.